ಗೂಗಲ್‌ಗೆ ಕಾಣದ ನಮ್ಮ ಪತ್ರಿಕೆ

ಕಳೆದ ಸೆಮಿಸ್ಟರ್‌ನಲ್ಲಿ ಎರಡನೇ ಇಂಟರ್ನಲ್ಸ್ ಮುಗಿದ ದಿನ ಸಂಜೆ ನಮ್ಮ ಕನ್ನಡ ಸಂಘದ ಮೇಲ್‌ಗೆ ನಾಲ್ಕು ಸಾಲಿನ ಪತ್ರವೊಂದು ಬಂತು. ಬರೆದವರು ವರ್ಕ್‌ಶಾಪ್ ಮೇಷ್ಟ್ರ ಮಗಳು. "ಅಪ್ಪ ತೀರಿಕೊಂಡು ಆರು ತಿಂಗಳಾಯಿತು. ನಿಮ್ಮ ಪತ್ರಿಕೆಯಲ್ಲಿ ಅವರ ಸಂದರ್ಶನ ಬಂದಿತ್ತು ಅಂತ ಯಾವಾಗಲೂ ಹೇಳ್ತಿದ್ದರು. ರಾತ್ರಿಯೆಲ್ಲ ಗೂಗಲ್‌ನಲ್ಲಿ ಹುಡುಕಿದೆ, ಸಿಗಲಿಲ್ಲ. ನಿಜವಾಗಲೂ ಬಂದಿತ್ತಾ?"

ಕೊನೆಯ ಪ್ರಶ್ನೆ ಓದಿ ನಮಗೆ ಒಂಥರಾ ಆಯಿತು. ಮಗಳಿಗೆ ಅಪ್ಪನ ಮಾತಿನ ಮೇಲೇ ಅನುಮಾನ ಬರುವ ಹಾಗೆ ಮಾಡಿದ್ದು ನಮ್ಮ ವೆಬ್‌ಸೈಟು.

ಈಗಿನ ಫಸ್ಟ್ ಇಯರ್‌ನವರಿಗೆ ಮೇಷ್ಟ್ರು ಗೊತ್ತಿಲ್ಲ. ಫಿಟ್ಟಿಂಗ್ ಸೆಕ್ಷನ್‌ನಲ್ಲಿ ಪ್ಲೇಟು ಉಜ್ಜಿ ಉಜ್ಜಿ ಅಂಗೈಯಲ್ಲಿ ಬೊಬ್ಬೆ ಬರಿಸಿಕೊಂಡ ಸೀನಿಯರ್‌ಗಳನ್ನು ಕೇಳಿ, ಹೇಳುತ್ತಾರೆ. ಅರ ಮುಂದಕ್ಕೆ ಹೋಗುವಾಗ ಮಾತ್ರ ಕಬ್ಬಿಣ ಕತ್ತರಿಸುತ್ತದೆ, ಹಿಂದಕ್ಕೆ ಎಳೆಯುವಾಗ ಒತ್ತಡ ಬಿಡಬೇಕು ಎಂದು ನಮ್ಮ ಕಾಲೇಜಿನ ಎಷ್ಟೋ ಬ್ಯಾಚುಗಳಿಗೆ ಕೈಹಿಡಿದು ಕಲಿಸಿದವರು ಅವರು. 2015ರ ರಾಜ್ಯೋತ್ಸವ ಸಂಚಿಕೆಗೆ ನಮ್ಮ ಸೀನಿಯರ್‌ಗಳು ಅವರನ್ನು ಮಾತಾಡಿಸಿದ್ದರು. ಆರು ಪುಟದ ಸಂದರ್ಶನ. ಅದು ಬಂದದ್ದು ನಿಜ, ನಮ್ಮ ಸೈಟಿನಲ್ಲಿ ಇರುವುದೂ ನಿಜ. ವಿಳಾಸ ಗೊತ್ತಿದ್ದವರಿಗೆ ಒಂದೇ ಕ್ಲಿಕ್ಕಿಗೆ ತೆರೆದುಕೊಳ್ಳುತ್ತದೆ. ವಿಳಾಸ ಗೊತ್ತಿರುವುದು ಯಾರಿಗೆ? ನಮಗೆ ನಾಲ್ಕು ಜನಕ್ಕೆ.

ಅಕ್ಕನಿಗೆ ಅವತ್ತೇ ಪುಟಗಳನ್ನು ಕಳಿಸಿದೆವು. ಆಮೇಲೆ ಗೂಗಲ್ ತೆರೆದು "ಸೈಟ್" ಎಂದು ಬರೆದು, ಕೋಲನ್ ಹಾಕಿ, ನಮ್ಮ ವಿಳಾಸ ಟೈಪ್ ಮಾಡಿದೆವು. ಒಂದು ಸೈಟಿನ ಯಾವ್ಯಾವ ಪುಟ ಗೂಗಲ್‌ಗೆ ಗೊತ್ತು ಎಂದು ಅಂದಾಜಿಗೆ ನೋಡಲು ಇದು ಸುಲಭದ ದಾರಿ. ನಮ್ಮಲ್ಲಿರುವುದು ಇನ್ನೂರಕ್ಕೂ ಹೆಚ್ಚು ಬರಹ. ಗೂಗಲ್ ತೋರಿಸಿದ್ದು ಮೂರು ಪುಟ. ಮೂರಕ್ಕೂ ಒಂದೇ ಹೆಸರು: "ಮುಖಪುಟ".

ನಾವೋ, ಕಂಪ್ಯೂಟರ್ ಸೈನ್ಸ್ ಓದುವವರು. ಡೇಟಾ ಸ್ಟ್ರಕ್ಚರ್ಸ್ ಲ್ಯಾಬಿನಲ್ಲಿ ಗ್ರಾಫ್ ಟ್ರಾವರ್ಸಲ್ ಬರೆದು ಪೂರ್ತಿ ಮಾರ್ಕ್ಸ್ ತೆಗೆದುಕೊಂಡವರು. ಹುಡುಕುಯಂತ್ರ ಮಾಡುವ ಮೊದಲ ಕೆಲಸವೂ ಅದೇ ತಾನೆ? ಅದರ ಬಾಟ್ ಒಂದು ಪುಟಕ್ಕೆ ಬರುತ್ತದೆ, ಅಲ್ಲಿರುವ ಕೊಂಡಿಗಳನ್ನು ಹಿಡಿದು ಮುಂದಿನ ಪುಟಕ್ಕೆ ಹೋಗುತ್ತದೆ. ಹೋದಲ್ಲೆಲ್ಲ ಸಿಕ್ಕಿದ ಪದಗಳನ್ನು ತಂದು, ಯಾವ ಪದ ಯಾವ ಪುಟದಲ್ಲಿದೆ ಎಂದು ಪಟ್ಟಿ ಮಾಡಿಡುತ್ತದೆ. ದಪ್ಪ ಪುಸ್ತಕದ ಕೊನೆಯಲ್ಲಿರುವ ಪದಸೂಚಿಯ ಹಾಗೆ. ನಾವು ಹುಡುಕಿದಾಗ ಗೂಗಲ್ ನೋಡುವುದು ಈ ಪಟ್ಟಿಯನ್ನೇ. ಪಟ್ಟಿಯಲ್ಲಿ ಇಲ್ಲದ್ದು ಹುಡುಕುವವರ ಪಾಲಿಗೆ ಇಲ್ಲವೇ ಇಲ್ಲ.

ಸರಿ, ಎಲ್ಲಿ ಎಡವಿದ್ದೇವೆ ಎಂದು ಹಾಸ್ಟೆಲ್ ರೂಮಿನಲ್ಲಿ ಕೂತು ಕೋಡ್ ಬಿಚ್ಚಿದೆವು.

ಮೊದಲನೆಯದು ನಮ್ಮ ಮೆನು. ಎರಡು ವರ್ಷದ ಹಿಂದೆ ಸೈಟನ್ನು ರಿಯಾಕ್ಟ್‌ನಲ್ಲಿ ಹೊಸದಾಗಿ ಕಟ್ಟಿದಾಗ "ಹಳೆಯ ಸಂಚಿಕೆಗಳು" ಎಂಬುದಕ್ಕೆ ಚೆಂದದ ಬಟನ್ ಹಾಕಿದ್ದೆವು. ಒತ್ತಿದರೆ ಸಂಚಿಕೆಗಳು ಜಾರಿಕೊಂಡು ಬರುತ್ತವೆ. ಫೆಸ್ಟ್‌ನಲ್ಲಿ ತೋರಿಸಿ ಚಪ್ಪಾಳೆ ಹೊಡೆಸಿಕೊಂಡಿದ್ದೂ ಆಗಿತ್ತು. ಆದರೆ ಬಾಟ್ ಬಟನ್ ಒತ್ತುವುದಿಲ್ಲ. ಅದಕ್ಕೆ ಬೇಕಾದದ್ದು ವಿಳಾಸ ಹೊತ್ತ ಸಾದಾ ಕೊಂಡಿ, ನಾವು ಮೊದಲ ವಾರ ಕಲಿತು ಮರೆತ ಆ ಆಂಕರ್ ಟ್ಯಾಗ್. ಕೊಂಡಿಯಿಲ್ಲದ ಪುಟ ಸೇತುವೆಯಿಲ್ಲದ ನಡುಗಡ್ಡೆ. ಇಷ್ಟು ಸಾಲದೆಂದು, ಬರಹಗಳೆಲ್ಲ ಜಾವಾಸ್ಕ್ರಿಪ್ಟ್ ಓಡಿದ ಮೇಲೆ ಬರುತ್ತಿದ್ದವು. ಸರ್ವರ್ ಕಳಿಸುವ ಮೂಲ ಪುಟದಲ್ಲಿ ಒಂದು ಖಾಲಿ ಡಬ್ಬಿ ಬಿಟ್ಟರೆ ಏನೂ ಇರಲಿಲ್ಲ. ಗೂಗಲ್‌ನ ಬಾಟ್ ಜಾವಾಸ್ಕ್ರಿಪ್ಟ್ ಓಡಿಸಬಲ್ಲದು, ಆದರೆ ಅದಕ್ಕೆ ಬೇರೆ ಸರದಿ ಇದೆ. ಎಲ್ಲ ಬಾಟ್‌ಗಳೂ ಅಷ್ಟು ತಾಳ್ಮೆಯವಲ್ಲ.

ಎರಡನೆಯದನ್ನು ಹೇಳಲು ನಾಚಿಕೆ. ಸೈಟ್ ಕಟ್ಟುವಾಗ ಅರೆಬರೆ ಪುಟಗಳು ಯಾರಿಗೂ ಕಾಣದಿರಲಿ ಎಂದು ಟೆಂಪ್ಲೇಟಿನ ತಲೆಯಲ್ಲಿ "ನೋಇಂಡೆಕ್ಸ್" ಎಂದು ಬರೆದಿದ್ದೆವು. ನನ್ನನ್ನು ಪಟ್ಟಿಗೆ ಸೇರಿಸಬೇಡ ಎಂದು ಹುಡುಕುಯಂತ್ರಕ್ಕೆ ಹೇಳುವ ಸಾಲು ಅದು. ಮುಖಪುಟದಲ್ಲಿ ತೆಗೆದೆವು, ಲೇಖನಗಳ ಟೆಂಪ್ಲೇಟಿನಲ್ಲಿ ಮರೆತೆವು. ಎರಡು ವರ್ಷ ನಾವೇ ಬಾಗಿಲಿಗೆ "ಒಳಗೆ ಬರಬೇಡಿ" ಎಂಬ ಬೋರ್ಡ್ ತೂಗುಹಾಕಿ, ಯಾರೂ ಬರುತ್ತಿಲ್ಲವಲ್ಲ, ಕನ್ನಡ ಓದುವವರೇ ಕಡಿಮೆಯಾದರು ಎಂದು ಪ್ರತಿ ಸಂಪಾದಕೀಯದಲ್ಲೂ ಕೊರಗಿದ್ದೇವೆ. ಹಳೆಯ ಸಂಚಿಕೆ ತೆಗೆದು ನೋಡಿ, ಸಾಕ್ಷಿ ಇದೆ.

ಇವೆರಡನ್ನೂ ಒಂದೇ ರಾತ್ರಿಯಲ್ಲಿ ಸರಿಮಾಡಿದೆವು. ಬಟನ್ ಹೋಗಿ ಕೊಂಡಿ ಬಂತು. ಬರಹಗಳು ಮೂಲ ಪುಟದಲ್ಲೇ ಬರುವ ಹಾಗೆ ಸ್ಟ್ಯಾಟಿಕ್ ಪುಟಗಳಾಗಿ ಬಿಲ್ಡ್ ಮಾಡಿದೆವು. ಪ್ರತಿ ಪುಟಕ್ಕೂ ಲೇಖನದ ಹೆಸರು, ಬರೆದವರ ಹೆಸರು ಇರುವ ಬೇರೆ ಬೇರೆ ಟೈಟಲ್ ಕೊಟ್ಟೆವು. ಎಲ್ಲ ವಿಳಾಸಗಳ ಪಟ್ಟಿಯಾದ ಸೈಟ್‌ಮ್ಯಾಪ್ ತಯಾರಿಸಿ ಸರ್ಚ್ ಕನ್ಸೋಲ್‌ಗೆ ಕೊಟ್ಟೆವು. ಹೊಸದಾಗಿ ಬಂದ ಜೂನಿಯರ್ ಒಬ್ಬ, "ಅಣ್ಣಾ, ಬಿಳಿ ಹಿನ್ನೆಲೆ ಮೇಲೆ ಬಿಳಿ ಅಕ್ಷರದಲ್ಲಿ ಕೀವರ್ಡ್ಸ್ ತುಂಬಿಬಿಡೋಣ, ಮೇಲೆ ಬರ್ತೀವಿ" ಅಂದ. ಅದು ಗೂಗಲ್ ಸ್ಪ್ಯಾಮ್ ಎಂದೇ ಎಣಿಸುವ ಹಳೇ ಕಳ್ಳಾಟ. ಕೀವರ್ಡ್ಸ್ ಮೆಟಾ ಟ್ಯಾಗ್ ಕೂಡ ವೆಬ್ ಹುಡುಕಾಟದ ಸ್ಥಾನಕ್ಕೆ ಲೆಕ್ಕಕ್ಕಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. ಅವನನ್ನು ಕೂರಿಸಿ ಸೈಟ್‌ಮ್ಯಾಪ್ ಬರೆಸಿದೆವು.

ಇಷ್ಟಾದ ಮೇಲೂ ಮೇಷ್ಟ್ರ ಸಂದರ್ಶನ ಸಿಗುವ ಹಾಗಿರಲಿಲ್ಲ. ಮೂರನೆಯ ತಪ್ಪು ಕೋಡಿನದಲ್ಲ, ಕನ್ನಡದ್ದು.

2015ರ ಸಂಚಿಕೆಯ ಪುಟಗಳೆಲ್ಲ ಜೆಪೆಗ್ ಚಿತ್ರಗಳು. ಫೋನುಗಳಲ್ಲಿ ಕನ್ನಡ ಫಾಂಟ್ ಸರಿಯಾಗಿ ಬರುವುದಿಲ್ಲ, ಒತ್ತಕ್ಷರ ಒಡೆಯುತ್ತದೆ ಎಂಬ ಭಯಕ್ಕೆ ಸೀನಿಯರ್‌ಗಳು ಪುಟಗಳನ್ನೇ ಚಿತ್ರ ಮಾಡಿ ಏರಿಸಿದ್ದರು. ಕಣ್ಣಿಗೆ ಅದು ಮೇಷ್ಟ್ರ ಮಾತು, ಬಾಟ್‌ಗೆ "ಪುಟ 14" ಎಂಬ ಹೆಸರಿನ ಒಂದು ಫೋಟೊ. ಚಿತ್ರದೊಳಗಿನ ಅಕ್ಷರವನ್ನು ಯಂತ್ರ ಓದಿಕೊಳ್ಳುತ್ತದೆ ಎಂದು ನೆಚ್ಚಿಕೊಂಡು ಕೂರುವಂತಿಲ್ಲ. ಸ್ಕ್ರೀನ್ ರೀಡರ್ ಬಳಸುವ ಅಂಧ ಓದುಗರಿಗೂ ಆ ಪುಟ ಖಾಲಿಯೇ.

ಪುಣ್ಯಕ್ಕೆ ಆ ವರ್ಷದ ಮುದ್ರಣದ ಪಿಡಿಎಫ್ ಒಂದು ಹಳೆ ಪೆನ್‌ಡ್ರೈವ್‌ನಲ್ಲಿ ಸಿಕ್ಕಿತು. ಖುಷಿಯಿಂದ "ಕನ್ನಡ" ಎಂಬ ಪದವನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿದೆವು. ಬಂದದ್ದು ಇಂಗ್ಲಿಷಿನ ಪಿ, ತಲೆ ಮೇಲೆ ಗೆರೆ ಇರುವ ಎ, ಬ್ರಿಟಿಷರ ಪೌಂಡ್ ಗುರುತು, ಜರ್ಮನ್ನರ ಒಂದು ಅಕ್ಷರ, ಕ್ಯೂ! ನುಡಿಯ ಹಳೆಯ ಆಸ್ಕಿ ಫಾಂಟಿನ ಮಹಿಮೆ ಇದು. ಆ ಕಾಲದ ಡಿಟಿಪಿ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಮೇಲೆ ಕನ್ನಡದ ವೇಷ, ಒಳಗೆ ಪೌಂಡು ಮತ್ತು ಪಿ. ಯಂತ್ರ ಓದುವುದು ಒಳಗಿನದನ್ನು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ವಂತ ಜಾಗ 1991ರಿಂದಲೇ ಇದೆ. ಆದರೂ ಪೇಜ್‌ಮೇಕರ್‌ನಂಥ ಹಳೆಯ ಸಾಫ್ಟ್‌ವೇರುಗಳು ಅದನ್ನು ಒಪ್ಪದ ಕಾರಣ ಎಷ್ಟೋ ಮುದ್ರಣಗಳು ಬಹಳ ವರ್ಷ ಹಳೆಯ ದಾರಿಯಲ್ಲೇ ನಡೆದವು. ನಮ್ಮ ಸಂಚಿಕೆ ಹಾಕಿದ ಪ್ರೆಸ್ಸೂ ಹಾಗೇ.

ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗಳಿವೆ. ಓಡಿಸಿದೆವು. ಬಹುಪಾಲು ಸರಿಬಂತು, ಅರ್ಕಾವತ್ತು ಕೈಕೊಟ್ಟಿತು. ಹಳೆಯ ಫಾಂಟಿನಲ್ಲಿ "ಸೂರ್ಯ" ಬರೆಯುವಾಗ ಅರ್ಕಾವತ್ತು ಕಾಣುವ ಜಾಗದಲ್ಲಿ, ಅಂದರೆ "ಯ" ಆದ ಮೇಲೆ, ಬರುತ್ತದೆ. ಯೂನಿಕೋಡ್‌ನಲ್ಲಿ ನಾವು ಉಚ್ಚರಿಸುವ ಹಾಗೆ ರಕಾರ ಮೊದಲು. ಕನ್ವರ್ಟರ್ ಅಲ್ಲಲ್ಲಿ ಈ ಲೆಕ್ಕ ತಪ್ಪಿತ್ತು. ಮೇಷ್ಟ್ರ ಹೆಸರಿನಲ್ಲೇ ಒಂದು ಅರ್ಕಾವತ್ತು ಇದೆ. ಹಾಗೇ ಬಿಟ್ಟಿದ್ದರೆ ಅಕ್ಕ ಎಷ್ಟು ಸಲ ಹುಡುಕಿದರೂ ಅಪ್ಪನ ಹೆಸರು ಆ ಪುಟಕ್ಕೆ ತಾಳೆಯಾಗುತ್ತಿರಲಿಲ್ಲ.

ಹಾಗಾಗಿ ಕೂತು ಓದಿದೆವು. ಒಬ್ಬರು ಜೆಪೆಗ್ ನೋಡಿ ಜೋರಾಗಿ ಓದುವುದು, ಇನ್ನೊಬ್ಬರು ತಿದ್ದುವುದು. ನಮ್ಮ ಪತ್ರಿಕೆ ಏರಿಸುವ ನಾವೇ ಆ ಸಂದರ್ಶನವನ್ನು ಮೊದಲ ಸಲ ಪೂರ್ತಿ ಓದಿದ್ದು ಅವತ್ತು. ಅರ ಉಜ್ಜುವ ಸದ್ದು ಕೇಳಿಯೇ ಹುಡುಗರ ಮೇಲ್ಮೈ ಸಮ ಇದೆಯೋ ಇಲ್ಲವೋ ಗೊತ್ತಾಗುತ್ತದೆ ಎಂದು ಮೇಷ್ಟ್ರು ಹೇಳಿದ್ದಾರೆ. ತಾವು ಡಿಪ್ಲೊಮಾ ಮುಗಿಸಲಾಗದೆ ಕೆಲಸಕ್ಕೆ ಸೇರಿದ್ದು, ಮಗಳನ್ನು ಎಂಜಿನಿಯರಿಂಗ್ ಓದಿಸಲು ರಾತ್ರಿ ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡಿದ್ದು, ಆ ಗ್ಯಾರೇಜಿನ ವಿಷಯ ಮಗಳಿಗೆ ಗೊತ್ತಿಲ್ಲ ಎಂದು ನಕ್ಕಿದ್ದು, ಎಲ್ಲ ಇದೆ. ಓದುತ್ತಿದ್ದವನು ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದ. ಅಕ್ಕ ರಾತ್ರಿಯೆಲ್ಲ ಹುಡುಕಿದ್ದು ಇದನ್ನು.

ಪುಟ ಏರಿಸಿದ ಮೇಲೆ ತಕ್ಷಣ ಏನೂ ಆಗಲಿಲ್ಲ. ಬಾಟ್ ಬರುವುದು ಅದರ ಸಮಯಕ್ಕೆ. ಒಂಬತ್ತನೆಯ ದಿನ ಮೇಷ್ಟ್ರ ಹೆಸರು, ಕಾಲೇಜಿನ ಹೆಸರು ಹಾಕಿ ಹುಡುಕಿದಾಗ ನಮ್ಮ ಪುಟ ಮೇಲೆಯೇ ಬಂತು. ಆ ಹೆಸರಿನೊಂದಿಗೆ ಸ್ಪರ್ಧೆಗೆ ಯಾರೂ ಇರಲಿಲ್ಲ ಎನ್ನುವುದೂ ನಿಜ. ನೆಟ್‌ನಲ್ಲಿ ಕನ್ನಡ ಇಂಗ್ಲಿಷಿನಷ್ಟು ಕಿಕ್ಕಿರಿದಿಲ್ಲ. ಓದಲು ಬರುವ ಹಾಗೆ ಇಟ್ಟರೆ ಸಿಗುವ ಸಾಧ್ಯತೆ ಹೆಚ್ಚು.

ಮೊನ್ನೆ ಸರ್ಚ್ ಕನ್ಸೋಲ್ ತೆರೆದಾಗ ಆ ಪುಟಕ್ಕೆ ಹುಡುಕಾಟದಿಂದ 23 ಕ್ಲಿಕ್ ಬಂದಿತ್ತು. ಯಾವ ಪದ ಹಾಕಿ ಹುಡುಕಿದರು ಎಂದು ನೋಡಲು ಹೋದರೆ ಪಟ್ಟಿ ಖಾಲಿ. ತೀರ ಕೆಲವೇ ಜನ ಹುಡುಕುವ ಪದಗಳನ್ನು ಖಾಸಗಿತನಕ್ಕಾಗಿ ಗೂಗಲ್ ತೋರಿಸುವುದಿಲ್ಲ. ಹಳೆಯ ವಿದ್ಯಾರ್ಥಿಗಳೋ, ನೆಂಟರೋ, ಅಕ್ಕನೇ ಮತ್ತೆ ಮತ್ತೆ ಬಂದು ಓದಿದರೋ ಗೊತ್ತಿಲ್ಲ. ಗೊತ್ತಾಗದಿದ್ದರೂ ಪರವಾಗಿಲ್ಲ.

2009ರಿಂದ 2017ರವರೆಗಿನ ಎಂಟು ಸಂಚಿಕೆಗಳು ಇನ್ನೂ ಜೆಪೆಗ್‌ನಲ್ಲೇ ಇವೆ. ಒಂದೊಂದರಲ್ಲೂ ಯಾರದೋ ಮೊದಲ ಕವಿತೆ, ಯಾರದೋ ಊರಿನ ಕತೆ, ಈಗಿಲ್ಲದ ಯಾರದೋ ಮಾತು. ಶನಿವಾರ ಮಧ್ಯಾಹ್ನ ನಾವು ಸಂಘದ ಕೋಣೆಯಲ್ಲಿ ಕೂತು ತಿದ್ದುತ್ತೇವೆ. ಕೋಡ್ ಬರದಿದ್ದರೂ ನಡೆಯುತ್ತದೆ, ಒತ್ತಕ್ಷರ ಬಂದರೆ ಸಾಕು. ಮತ್ತೆ ಮುಂದಿನ ಸಂಚಿಕೆಗೆ ಬರೆಯುವವರಲ್ಲಿ ಒಂದು ವಿನಂತಿ: ಕವಿತೆಯನ್ನು ಹೂವಿನ ಹಿನ್ನೆಲೆಯ ಪೋಸ್ಟರ್ ಮಾಡಿ ಮಾತ್ರ ಕಳಿಸಬೇಡಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಅಕ್ಷರಗಳನ್ನೂ ಜೊತೆಗೆ ಕಳಿಸಿ. ಹೂವು ಬೇಕಿದ್ದರೆ ನಾವು ಹಾಕುತ್ತೇವೆ.