ದುರ್ಬೀನಿನ ಮುಚ್ಚಳ

ಮುಚ್ಚಳ ಆರಿಸುವುದೂ ಒಂದು ಕೆಲಸವೇ ಎಂದು ಗೆಳೆಯರು ನಗುತ್ತಾರೆ. ರೋಣ, ನರಗುಂದದ ಎರಿ ಹೊಲಗಳಲ್ಲಿ ಒಂದು ಹಿಂಗಾರು ಹಕ್ಕಿ ಎಣಿಸಿದವರು ನಗಲಾರರು. ಕಡಲೆ, ಬಿಳಿಜೋಳದ ನಡುವಿನ ಬಂಡಿದಾರಿಯಲ್ಲಿ ಒಂದು ಟ್ರ್ಯಾಕ್ಟರ್ ಹೋದರೆ ಸಾಕು, ಧೂಳು ಗಾಜಿಗೆ ಮೆತ್ತುತ್ತದೆ. ಅಂಗಿ ತುದಿಯಿಂದ ಒರೆಸಿದರೆ ಮೇಲಿನ ತೆಳುಲೇಪಕ್ಕೆ ಗೀರು. ಆಮೇಲೆ ಸಂಜೆಯ ಇಳಿಬೆಳಕಿನಲ್ಲಿ ಗಿಡುಗದ ಹೆಣ್ಣು ಯಾವುದು, ಮರಿ ಯಾವುದು ಗೊತ್ತಾಗದು. ನನ್ನ ಪಿಎಚ್.ಡಿ. ನಿಂತಿರುವುದೇ ಆ ವ್ಯತ್ಯಾಸದ ಮೇಲೆ.

ಬಂದೂಕಿನ ಸ್ಕೋಪಿಗೆ ಹಾಕುವ, ಸ್ಪ್ರಿಂಗಿನಿಂದ ತಟ್ಟನೆ ತೆರೆಯುವ ಮುಚ್ಚಳವನ್ನು ಮೊದಲು ತಂದೆ. ಕೊಳ್ಳುವಾಗ ಗಾಜಿನ 42 ಮಿ.ಮೀ. ಅಲ್ಲ, ಕೊಳವೆಯ ಹೊರ ಅಳತೆ ನೋಡಬೇಕು. ಚಲೋ ಕೂತಿತು. ಆದರೆ ಗಜೇಂದ್ರಗಡದ ಗುಡ್ಡದಲ್ಲಿ ಕುರಿ ಕಾಯುವ ಯಜ್ಜ ಅದರ 'ಟಕ್' ಸದ್ದಿಗೆ ತಿರುಗಿದ.

"ಏನ್ ತಮ್ಮಾ, ಶಿಕಾರಿಗೆ ಬಂದೀಯೇನು?"

1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಇದು ಬರೀ ಕುಶಾಲಿನ ಪ್ರಶ್ನೆಯಲ್ಲ. ಊರಲ್ಲಿ ಒಮ್ಮೆ ಅನುಮಾನ ಹುಟ್ಟಿತೆಂದರೆ ಯಾರೂ ಹೊಲಕ್ಕೆ ಬಿಟ್ಟುಕೊಳ್ಳರು.

"ಇಲ್ಲೋ ಯಜ್ಜಾ, ಬರೇ ನೋಡಾಕ."

ಈಗ ಹಳೇ ಸೈಕಲ್ ಟ್ಯೂಬಿನ ತುಂಡೊಂದನ್ನು ದಾರ ಕಟ್ಟಿ ಇಳಿಬಿಟ್ಟಿದ್ದೇನೆ. ಸದ್ದಿಲ್ಲ, ಹೊಳಪಿಲ್ಲ, ಕಳೆದುಹೋಗುವುದಿಲ್ಲ. ಮಳೆಯಲ್ಲಿ ನೆನೆದ ದಿನ ಮಾತ್ರ ರಾತ್ರಿ ಬಿಚ್ಚಿಡುತ್ತೇನೆ. ಒಳಗೆ ತೇವ ಉಳಿದರೆ ಗಾಜಿಗೆ ಬೂಷ್ಟು ಹಿಡಿಯುತ್ತದೆ. ಯಜ್ಜ ದಿನಾ ಒಮ್ಮೆ ಇಸಿದುಕೊಂಡು ಎದುರು ಗುಡ್ಡ ನೋಡುತ್ತಾನೆ, ತೋಳ ಇಳಿದಿದೆಯೇನೋ ಎಂದು.