ಅಸ್ಪಷ್ಟತೆಯ ಸುಖ

ಕಾರಿನ ಸಾಫ್ಟ್‌ವೇರ್ ಏನು ಮಾಡಬೇಕು, ಏನು ಮಾಡಬಾರದು ಎಂದು ವಾಕ್ಯಗಳಲ್ಲಿ ಬರೆದುಕೊಡುವುದು ನನ್ನ ವೃತ್ತಿ. ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡ್‌ನಲ್ಲಿ ಕೂತು ನಾನು ಬರೆಯುತ್ತೇನೆ, ತಿರುವನಂತಪುರದ ಟೆಕ್ನೋಪಾರ್ಕ್‌ನಲ್ಲಿರುವ ತಂಡ ಅದನ್ನು ಕೋಡ್ ಮಾಡುತ್ತದೆ. ‘ಕೂಡಲೇ’, ‘ಅಗತ್ಯವಿದ್ದಾಗ’, ‘ಸೂಕ್ತ ರೀತಿಯಲ್ಲಿ’ ಎಂಬ ಮಾತುಗಳಿಲ್ಲದೆ ಬಹುಕಾಲ ನನ್ನ ಬರವಣಿಗೆ ಮುಂದೆ ಸಾಗುತ್ತಿರಲಿಲ್ಲ. ಯಾಕೆಂದು ನನ್ನನ್ನೇ ಕೇಳಿಕೊಂಡರೆ ಬರುವ ಉತ್ತರ ಹಿತವಾಗಿಲ್ಲ. ಆ ಮಾತುಗಳಿದ್ದರೆ ಗ್ರಾಹಕರ ಕಡೆಯವರನ್ನು ಇಕ್ಕಟ್ಟಿಗೆ ಸಿಲುಕಿಸುವ ಪ್ರಶ್ನೆ ಕೇಳಬೇಕಾಗಿಲ್ಲ. ಸಭೆ ಬೇಗ ಮುಗಿಯುತ್ತದೆ, ಎಲ್ಲರೂ ತಲೆಯಾಡಿಸುತ್ತಾರೆ, ಅವರವರಿಗೆ ಬೇಕಾದ ಅರ್ಥ ಅವರವರಿಗೆ ಸಿಗುತ್ತದೆ. ಅದನ್ನು ನಾನು ಸೌಜನ್ಯ ಎಂದುಕೊಂಡಿದ್ದೆ. ಅದು ಅಳುಕು.

ಪ್ರತಿ ನಿಯಮವನ್ನೂ ಗೊತ್ತಾದ ಅಚ್ಚಿನಲ್ಲಿ ಬರೆಯುವ ಮಾದರಿ ವಾಕ್ಯಗಳ ಪದ್ಧತಿ ಈ ಅಳುಕಿಗೆ ಜಾಗ ಕೊಡುವುದಿಲ್ಲ. ಸಂಶೋಧಕ ಮ್ಯಾಥ್ಯೂ ಡ್ವೈಯರ್ ಮತ್ತು ಸಂಗಡಿಗರು ಇಂಥ ಐನೂರಕ್ಕೂ ಹೆಚ್ಚು ನಿರ್ದಿಷ್ಟತೆಗಳನ್ನು ಕಲೆಹಾಕಿ ನೋಡಿ, ಕಂಡದ್ದನ್ನು 1999ರಲ್ಲಿ ಪ್ರಕಟಿಸಿದರು. ಹತ್ತರಲ್ಲಿ ಒಂಬತ್ತು ಕೆಲವೇ ಅಚ್ಚುಗಳಲ್ಲಿ ಕೂತಿದ್ದವು: ಇದು ಎಂದೂ ಆಗಕೂಡದು, ಇದು ಸದಾ ನಿಜವಾಗಿರಬೇಕು, ಇದಾದರೆ ಅದು ಆಗಲೇಬೇಕು, ಅದಕ್ಕೆ ಮುಂಚೆ ಇದು ಆಗಿರಬೇಕು. ಪ್ರತಿ ಅಚ್ಚಿಗೂ ಒಂದು ವ್ಯಾಪ್ತಿ: ಯಾವಾಗಿನಿಂದ, ಯಾವಾಗಿನವರೆಗೆ. 2005ರಲ್ಲಿ ಕಾನ್ರಾಡ್ ಮತ್ತು ಚೆಂಗ್ ಕಾಲದ ಅಳತೆಯನ್ನೂ ಸೇರಿಸಿದರು. ಓದಲು ಸರಳ ಇಂಗ್ಲಿಷ್ ವಾಕ್ಯ, ಒಳಗೆ ಯಂತ್ರ ಪರೀಕ್ಷಿಸಬಲ್ಲ ತರ್ಕಸೂತ್ರ.

ನನ್ನ ಕಿಟಕಿಯಾಚೆಯ ಬಂದರಿಗೆ ಇಂಥ ಖಚಿತ ವಾಕ್ಯ ಹೊಸದಲ್ಲ. 200 ಟನ್ ಅಥವಾ ಅದಕ್ಕಿಂತ ದೊಡ್ಡ ಹಡಗು, ಪೈಲಟ್ ಅಥವಾ ಬಂದರು ಅಧಿಕಾರಿ ಹಡಗಿನ ಮೇಲಿಲ್ಲದೆ ಒಳಬರಕೂಡದು, ಹೊರಹೋಗಕೂಡದು, ಜಾಗ ಬಿಟ್ಟು ಕದಲಕೂಡದು ಎಂಬುದು 1908ರ ಬಂದರು ಕಾಯ್ದೆಯ ನಿಯಮವಾಗಿತ್ತು. ‘ಸೂಕ್ತ ಮಾರ್ಗದರ್ಶನ ಪಡೆದು’ ಎಂದು ಅದರಲ್ಲಿ ಬರೆದಿರಲಿಲ್ಲ.

‘ಬಾಗಿಲು ತೆರೆದಿದ್ದರೆ ಕೂಡಲೇ ಎಚ್ಚರಿಕೆ ದೀಪ ಉರಿಯಬೇಕು’ ಎಂಬುದು ನನ್ನ ಹಳೆಯ ಶೈಲಿ. ‘ಚೇಟ್ಟಾ, ಕೂಡಲೇ ಅಂದರೆ ಎಷ್ಟು ಹೊತ್ತು? ಕೀ ಆಫ್ ಇದ್ದಾಗಲೂ ಉರಿಯಬೇಕಾ?’ ಎಂದು ತಿರುವನಂತಪುರದ ಹುಡುಗಿ ಫೋನಿನಲ್ಲಿ ಕೇಳಿದಳು. ಅಚ್ಚಿನಲ್ಲಿ ಬರೆದಾಗ ಹೀಗಾಯಿತು: ಕೀ ಆನ್ ಇರುವಷ್ಟು ಹೊತ್ತೂ, ಬಾಗಿಲು ತೆರೆದರೆ 200 ಮಿಲಿಸೆಕೆಂಡಿನೊಳಗೆ ದೀಪ ಉರಿಯಬೇಕು. ಇನ್ನೊಂದು ಪುಟದಲ್ಲಿ, ಕೀ ಆನ್ ಆದ ಮೊದಲ 2 ಸೆಕೆಂಡು ಯಾವ ಎಚ್ಚರಿಕೆಯನ್ನೂ ತೋರಿಸಬಾರದು ಎಂದಿತ್ತು. ಎರಡೂ ಬೇರೆಬೇರೆಯಾಗಿ ಸರಿ. ಕೀ ತಿರುಗಿಸಿ ಅರ್ಧ ಸೆಕೆಂಡಿಗೆ ಯಾರಾದರೂ ಬಾಗಿಲು ತೆರೆದರೆ ಎರಡನ್ನೂ ಪಾಲಿಸುವ ಕಾರು ಇರಲಾರದು. ಹಿಂದಿನ ‘ಕೂಡಲೇ’ಯೊಳಗೆ ಈ ಜಗಳ ಯಾರಿಗೂ ಕಾಣುತ್ತಿರಲಿಲ್ಲ.

ಹಾಗೆಂದು ಖಚಿತತೆಯ ಹೆಮ್ಮೆಗೆ ಬಿದ್ದೇನೆಂಬ ಭಯ ಈಗ ನನಗಿದೆ. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ಲ್ಯಾಂಡರ್ ವಿಕ್ರಮ್ ಚಂದ್ರನಿಗೆ ಅಪ್ಪಳಿಸಿತಲ್ಲ, ಅದರ ಕಾರಣವನ್ನು ತಿರುವನಂತಪುರದ ವಿಕ್ರಮ್ ಸಾರಾಭಾಯ್ ಕೇಂದ್ರ ನಡೆಸಿದ್ದ ಎಸ್. ಸೋಮನಾಥ್, ಇಸ್ರೋ ಅಧ್ಯಕ್ಷರಾದ ಮೇಲೆ 2023ರಲ್ಲಿ ವಿವರಿಸಿದ್ದರು. ಎಂಜಿನ್‌ಗಳು ನಿರೀಕ್ಷೆಗಿಂತ ಹೆಚ್ಚು ನೂಕಿದವು. ನೌಕೆ ವೇಗವಾಗಿ ತಿರುಗಬೇಕಾದಾಗ ಸಾಫ್ಟ್‌ವೇರಿನ ಮಿತಿ ತಡೆಯಿತು. ಇಳಿಯಲು ಗೊತ್ತುಮಾಡಿದ್ದ ಜಾಗ 500 ಮೀಟರ್ ಉದ್ದ, ಅಷ್ಟೇ ಅಗಲ. ಅಲ್ಲಿ ಮಿತಿಗಳು ಅಸ್ಪಷ್ಟವಾಗಿರಲಿಲ್ಲ, ಸಾಲದಾಗಿದ್ದವು. ಚಂದ್ರಯಾನ-3ಕ್ಕೆ ಆ ಜಾಗವನ್ನು 4 ಕಿ.ಮೀ. × 2.4 ಕಿ.ಮೀ.ಗೆ ಹಿಗ್ಗಿಸಿದರು.

ಹಾಗಾದರೆ ನನ್ನ 200 ಮಿಲಿಸೆಕೆಂಡು ಎಲ್ಲಿಂದ ಬಂತು? ಅಚ್ಚಿನಲ್ಲಿ ಖಾಲಿ ಬಿಟ್ಟ ಜಾಗವನ್ನು ತುಂಬುವ ಆತುರ ‘ಕೂಡಲೇ’ ಎಂದು ಬರೆಯುವ ಆತುರದ ಬಂಧುವೇ. ಎರಡರಲ್ಲೂ ನಾನು ತಪ್ಪಿಸಿಕೊಳ್ಳುತ್ತಿರುವುದು ಒಂದೇ ಮಾತನ್ನು: ಇದು ಇನ್ನೂ ಯಾರಿಗೂ ಗೊತ್ತಿಲ್ಲ ಎಂದು ಸಭೆಯಲ್ಲಿ ಹೇಳುವುದನ್ನು.

ಈ ಕೆಲಸಕ್ಕೆ ಬರುತ್ತಿರುವ ಕಿರಿಯರಲ್ಲಿ ನನ್ನ ಕೋರಿಕೆ ಇಷ್ಟು. ಸಹಿ ಹಾಕುವ ಮುನ್ನ ‘ಯಾವಾಗಿನವರೆಗೆ?’ ಎಂದು ಕೇಳಿ. ಅಂಕಿ ಕಂಡರೆ ಅದನ್ನು ಯಾರು, ಯಾವ ಆಧಾರದಿಂದ ಕೊಟ್ಟರೆಂದು ಕೇಳಿ. ಉತ್ತರ ಸಿಗದಿದ್ದರೆ ಆ ಜಾಗ ಖಾಲಿ ಇದೆಯೆಂದೇ ದಾಖಲಿಸಿ.