ಹಗ್ಗ ಸೆಳೆದುಕೊಂಡ ಮೇಲೆ

ಬಾವಿಗೆ ಇಳಿಸಿ ಹಗ್ಗ ಕೊಯ್ಯುವುದೆಂದರೆ ಕನ್ನಡದಲ್ಲಿ ನಂಬಿಕೆದ್ರೋಹದ ಪರಮಾವಧಿ. ಇಳಿದವನು ನೀರಿನಲ್ಲಿ, ಹಗ್ಗ ಹಿಡಿದವನು ದಂಡೆಯ ಮೇಲೆ. ಇಬ್ಬರ ನಡುವಿನ ಆ ಒಂದು ನಂಟು ಕಡಿದುಹೋದರೆ ಇಳಿದವನ ಗತಿಯೇನು? ಆದರೆ ತನ್ನ ಹಗ್ಗವನ್ನು ತಾನೇ ಕಿತ್ತುಕೊಂಡು, ಅದಕ್ಕಾಗಿ ದೂರದಿಂದ ಹಣ ವೆಚ್ಚಮಾಡಿಕೊಂಡು ಬಂದು, ನಗುನಗುತ್ತ ಮುಂದೆ ಸಾಗುವ ಜನರೂ ಲೋಕದಲ್ಲಿ ಉಂಟು. ಅಮೆರಿಕದ ಯೂಟಾ ಸಂಸ್ಥಾನದ ಕೆಂಪುಕಲ್ಲಿನ ಕಮರಿಗಳಲ್ಲಿ ಅವರನ್ನು ಕಾಣಬಹುದು. ಅವರ ಆಟಕ್ಕೆ ಅಲ್ಲಿ ಕ್ಯಾನಿಯನಿಯರಿಂಗ್ ಎಂದು ಹೆಸರು. ಕನ್ನಡದಲ್ಲಿ ಕಮರಿಯಿಳಿತ ಎಂದರೆ ಸಾಕಾದೀತು.

ಬೆಟ್ಟ ಹತ್ತುವವನಿಗೆ ಮನಸ್ಸು ಹಿಂಜರಿದರೆ ಅರ್ಧದಾರಿಯಿಂದ ಮರಳುವ ಸ್ವಾತಂತ್ರ್ಯವಿದೆ. ಕಮರಿಯಿಳಿತದ ಕ್ರಮವೇ ಬೇರೆ. ಯೂಟಾದ ಝಯನ್ ರಾಷ್ಟ್ರೀಯ ಉದ್ಯಾನದಲ್ಲಿ ಮರಳುಗಲ್ಲನ್ನು ನೀರು ಯುಗಯುಗಾಂತರ ಕೊರೆದು ಮಾಡಿದ ಸಂದುಗಳಿವೆ. ತೋಳು ಚಾಚಿದರೆ ಎರಡು ಗೋಡೆಗಳೂ ಕೈಗೆ ತಾಕುವಷ್ಟು ಇಕ್ಕಟ್ಟು. ಕೆಲವೆಡೆ ಮೈಯನ್ನು ಓರೆಮಾಡಿಕೊಂಡೇ ನುಸುಳಬೇಕು. ತಲೆಯ ಮೇಲೆ ಆಕಾಶ ನೀಲಿಯ ಒಂದು ಪಟ್ಟಿಯಷ್ಟೇ. ಅಲ್ಲಲ್ಲಿ ನೆಲ ಥಟ್ಟನೆ ತಪ್ಪಿ ಬಾವಿಯಂತೆ ಆಳವಾಗುತ್ತದೆ. ಅಲ್ಲಿ ಬಂಡೆಗೆ ಬಿಗಿದ ಬಳೆಯೊಂದರಲ್ಲಿ ಹಗ್ಗವನ್ನು ತೂರಿಸಿ ಒಬ್ಬೊಬ್ಬರಾಗಿ ಇಳಿಯುತ್ತಾರೆ. ಕೊನೆಯವನೂ ಇಳಿದ ಮೇಲೆ ಕೆಳಗಿನಿಂದ ಹಗ್ಗದ ಒಂದು ತುದಿಯನ್ನು ಹಿಡಿದು ಎಳೆಯುತ್ತಾರೆ. ಅದು ಬಳೆಯಿಂದ ಸರಸರನೆ ಜಾರಿ ಕಾಲಬುಡದಲ್ಲಿ ಬಂದು ಬೀಳುತ್ತದೆ. ಮುಂದಿನ ಇಳಿತಕ್ಕೂ ಅದೇ ಹಗ್ಗ ಬೇಕಾದ್ದರಿಂದ ಬಿಟ್ಟುಹೋಗುವಂತಿಲ್ಲ. ಆದರೆ ಅದು ಬಿದ್ದ ಸಪ್ಪಳ ಬಂದ ಬಾಗಿಲು ಮುಚ್ಚಿದ ಸಪ್ಪಳ. ಇನ್ನು ದಾರಿಯಿರುವುದು ಮುಂದಕ್ಕೆ ಮಾತ್ರ.

ಈ ಆಟದ ಸಲಕರಣೆಗಳನ್ನು ಕಂಡಾಗ ಹೊಸಬನಿಗೆ ಮೊದಲು ಬರುವುದು ನಗೆ. ಹೊರಗೆ ಮರುಭೂಮಿಯ ಬಿಸಿಲು ಕಾಯುತ್ತಿರುವಾಗ ಮೈಗಂಟುವ ದಪ್ಪ ರಬ್ಬರಿನ ಉಡುಪು ಯಾತಕ್ಕೆ ಎನ್ನುತ್ತಾನೆ. ಸೂರ್ಯನ ಮುಖವನ್ನೇ ಕಾಣದ ಮಡುವಿನಲ್ಲಿ ಎದೆಮಟ್ಟ ಮುಳುಗಿದಾಗ ಉತ್ತರ ತಾನಾಗಿ ದೊರೆಯುತ್ತದೆ. ನೀರು ಮೈಯ ಕಾವನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಹೀರಿಬಿಡುತ್ತದೆ. ಚಳಿಗೆ ಮರಗಟ್ಟಿದ ಬೆರಳು ಗಂಟು ಹಾಕಲಾರದು. ಚಳಿಗೆ ಮರಗಟ್ಟಿದ ಬುದ್ಧಿ ಸರಿಯಾದ ತೀರ್ಮಾನವನ್ನೂ ಮಾಡಲಾರದು. ಆ ರಬ್ಬರಿನೊಳಗೆ ಅಡಗಿರುವ ಸಣ್ಣ ಗುಳ್ಳೆಗಳೇ ಅಲ್ಲಿ ಪ್ರಾಣರಕ್ಷಕಗಳು. ಹೆಲ್ಮೆಟ್ಟಿನ ವಿಷಯವೂ ಹಾಗೆಯೆ. ಮೇಲಿರುವವನ ಕಾಲು ತಾಗಿ ಉರುಳಿದ ನಿಂಬೆಹಣ್ಣಿನಷ್ಟು ಕಲ್ಲು, ಕೆಳಗಿರುವವನ ತಲೆಗೆ ಬರುವಾಗ ನಿಂಬೆಹಣ್ಣಾಗಿ ಉಳಿದಿರುವುದಿಲ್ಲ.

ಸೊಂಟ ತೊಡೆಗಳನ್ನು ಬಳಸುವ ಗಟ್ಟಿ ಪಟ್ಟಿಗೆ ಇಂಗ್ಲಿಷಿನ ಎಂಟರ ಅಂಕಿಯಂಥ ಲೋಹದ ತುಂಡೊಂದನ್ನು ಸಿಕ್ಕಿಸಿ, ಅದರೊಳಗೆ ಹಗ್ಗವನ್ನು ಸುತ್ತಿಸುತ್ತಾರೆ. ಆ ಸುತ್ತಿನ ಉಜ್ಜಾಟವೇ ಇಳಿಯುವವನ ವೇಗಕ್ಕೆ ಕಡಿವಾಣ. ಕೆಳಬದಿಯ ಹಗ್ಗ ಹಿಡಿದ ಕೈ ಸಡಿಲವಾಗಕೂಡದು. ಜೋಲಾಡುವ ಅಂಗಿಯ ಅಂಚು, ಕಟ್ಟದ ತಲೆಗೂದಲು ಆ ಲೋಹದೊಳಕ್ಕೆ ಸಿಕ್ಕಿಕೊಂಡರೆ ಮನುಷ್ಯ ನಡುದಾರಿಯಲ್ಲೇ ತೂಗಬೇಕಾಗುತ್ತದೆ. ಆದ್ದರಿಂದಲೇ ಮೊದಲ ಸಲ ಇಳಿಯುವವನಿಗಾಗಿ, ತಳದಲ್ಲಿ ಒಬ್ಬನು ಹಗ್ಗದ ತುದಿಯನ್ನು ಹಿಡಿದು ನಿಂತಿರುತ್ತಾನೆ. ಮೇಲಿನವನ ಕೈ ತಪ್ಪಿತೋ, ಇವನು ಹಗ್ಗವನ್ನು ಬಿಗಿಯಾಗಿ ಎಳೆದ ಕ್ಷಣವೇ ಅವನು ಇದ್ದಲ್ಲೇ ನಿಲ್ಲುತ್ತಾನೆ. ಅಂಗಡಿಯಲ್ಲಿ ಕೊಳ್ಳಲಾಗದ ಸಲಕರಣೆ ಇದು: ಕಣ್ಣು ಕೀಳದೆ ನೋಡುತ್ತಿರುವ ಜೊತೆಗಾರ.

ಜೊತೆಗಾರನಿಲ್ಲದವನ ಕಥೆಯನ್ನು ಲೋಕವೆಲ್ಲ ಬಲ್ಲದು. 2003ರ ಏಪ್ರಿಲಿನಲ್ಲಿ ಆರನ್ ರಾಲ್‌ಸ್ಟನ್ ಎಂಬ ತರುಣನು ಯೂಟಾದ ಬ್ಲೂಜಾನ್ ಕಮರಿಗೆ ಒಬ್ಬನೇ, ಎಲ್ಲಿಗೆಂದು ಯಾರಿಗೂ ತಿಳಿಸದೆ ಹೋದನು. ಜಾರಿದ ಬಂಡೆಯೊಂದು ಅವನ ಬಲಗೈಯನ್ನು ಗೋಡೆಗೆ ಅದುಮಿ ಹಿಡಿಯಿತು. ಐದು ದಿನಕ್ಕೂ ಮೇಲ್ಪಟ್ಟು ಅಲ್ಲಿ ಸೆರೆಯಾಗಿದ್ದು, ಕೊನೆಗೆ ಮೊಂಡು ಚಾಕುವಿನಿಂದ ತನ್ನ ಕೈಯನ್ನು ತಾನೇ ಕತ್ತರಿಸಿಕೊಂಡು ಹೊರಬಂದನು. ಅವನ ಬಳಿ ಹಗ್ಗವಿತ್ತು, ಸೊಂಟಪಟ್ಟಿಯಿತ್ತು. ಇಲ್ಲದ್ದು ಮನೆಯಲ್ಲಿ ಬಿಟ್ಟುಬರಬೇಕಾಗಿದ್ದ ಒಂದು ಚೀಟಿ.

ಹಾಗಾದರೆ ಸಲಕರಣೆಯೂ ಜೊತೆಗಾರರೂ ಇದ್ದರೆ ಭಯವಿಲ್ಲವೆ? ಝಯನ್ನಿನಲ್ಲಿ ಕೀಹೋಲ್ ಎಂಬ ಕಮರಿಯಿದೆ. ಹೆಸರಿಗೆ ತಕ್ಕಂತೆ ಬೀಗದ ಕಿಂಡಿಯಷ್ಟು ಕಿರಿದು. ಉದ್ದವಾದುದಲ್ಲ, ಕೆಲವೇ ಗಂಟೆಗಳ ದಾರಿ. 2015ರ ಸೆಪ್ಟೆಂಬರ್ 14ರಂದು ಏಳು ಮಂದಿ ಸ್ನೇಹಿತರು ಅಲ್ಲಿಗೆ ಇಳಿದರು. ಕೆಲವರು ಈ ವಿದ್ಯೆಗೆ ಹೊಸಬರು. ಹಗ್ಗ, ಹೆಲ್ಮೆಟ್, ಉಡುಪುಗಳೆಲ್ಲ ಇದ್ದುವು. ಬೆಳಗ್ಗೆ ಪರವಾನಗಿ ಪಡೆಯುವಾಗಲೇ ಹಠಾತ್ ಪ್ರವಾಹದ ಸಂಭವವಿದೆಯೆಂಬ ಎಚ್ಚರಿಕೆ ಅವರಿಗೆ ದೊರೆತಿತ್ತು. ಮಧ್ಯಾಹ್ನ ಹವಾಮಾನ ಇಲಾಖೆಯ ಎಚ್ಚರಿಕೆ ಮತ್ತಷ್ಟು ಬಿರುಸಾಗಿ ಬಂದಿತು. ಅಧಿಕಾರಿಗಳು ಕಮರಿಗಳನ್ನೆಲ್ಲ ಮುಚ್ಚಿದರು. ಆದರೆ ಒಳಗಿರುವವರಿಗೆ ಆ ಸುದ್ದಿಯನ್ನು ಮುಟ್ಟಿಸುವ ಬಗೆ ಯಾವುದು?

ಅಂದು ಸಂಜೆ ಸುರಿದದ್ದು ಒಂದು ಗಂಟೆಯೊಳಗೆ 0.63 ಅಂಗುಲ ಮಳೆ. ಮಲೆನಾಡಿನವರು ಇದನ್ನು ಮಳೆಯೆಂದು ಲೆಕ್ಕಕ್ಕೇ ಹಿಡಿಯಲಾರರು. ಆದರೆ ಬೋಳು ಬಂಡೆ ನೀರನ್ನು ಕುಡಿಯುವುದಿಲ್ಲ. ಬಿದ್ದ ಹನಿಯನ್ನೆಲ್ಲ ಸಂದಿಗೆ ಸುರಿಯುತ್ತದೆ. ಉದ್ಯಾನದ ವರ್ಜಿನ್ ನದಿಯಲ್ಲಿ ಸೆಕೆಂಡಿಗೆ 55 ಘನ ಅಡಿ ಹರಿಯುತ್ತಿದ್ದ ನೀರು ಹದಿನೈದೇ ನಿಮಿಷದಲ್ಲಿ 2,630 ಘನ ಅಡಿಗೆ ಏರಿತು. ಕೀಹೋಲಿನ ಏಳು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಮುಂದಿನ ದಿನಗಳಲ್ಲಿ ಅವರ ದೇಹಗಳನ್ನು ಹುಡುಕಿ ತರಬೇಕಾಯಿತು.

ನೆತ್ತಿಯ ಮೇಲೆ ಮೋಡವಿಲ್ಲವೆಂದು ಧೈರ್ಯ ತಾಳುವುದೂ ಸಲ್ಲದು. 1997ರ ಆಗಸ್ಟ್ 12ರಂದು ನೆರೆಯ ಆರಿಜೋನಾದ ಆಂಟಿಲೋಪ್ ಕಮರಿಯಲ್ಲಿ ಪ್ರವಾಹಕ್ಕೆ ಸಿಕ್ಕಿ 11 ಮಂದಿ ಸತ್ತರು. ಮಳೆ ಸುರಿದದ್ದು ಮೈಲಿಗಟ್ಟಲೆ ಆಚೆಗೆ.

ಇದನ್ನು ಕೇಳಿ ಸಲಕರಣೆಗಳೇ ವ್ಯರ್ಥವೆನ್ನುವವನು ತಪ್ಪು ಪಾಠ ಕಲಿತಂತೆ. ಹೆಲ್ಮೆಟ್ ಕಲ್ಲನ್ನು ತಡೆಯುತ್ತದೆ, ಉಡುಪು ಚಳಿಯನ್ನು ತಡೆಯುತ್ತದೆ, ಸೊಂಟಪಟ್ಟಿ ಬೀಳುವವನನ್ನು ತಡೆಯುತ್ತದೆ. ಹೊಳೆಯನ್ನು ತಡೆಯುವ ಸಲಕರಣೆಯನ್ನು ಮಾತ್ರ ಯಾರೂ ಮಾಡಿಲ್ಲ. ಅದರಿಂದ ಪಾರಾಗುವ ಉಪಾಯ ಮೊದಲ ಇಳಿತದ ಅಂಚಿನ ಮೇಲೆಯೇ ಮುಗಿದುಹೋಗುತ್ತದೆ. ಅಲ್ಲಿ ಹಗ್ಗ ಇನ್ನೂ ಬಳೆಯಲ್ಲಿದೆ, ಕಾಲು ಇನ್ನೂ ಬಯಲಿನ ಕಡೆಗಿದೆ. ತಿಂಗಳುಗಟ್ಟಲೆ ಕಾದು ಪಡೆದ ರಜೆ, ತೆತ್ತ ಹಣ, ಜೊತೆಗಾರರ ಉತ್ಸಾಹ ಇವೆಲ್ಲ ಬೆನ್ನ ಹಿಂದೆ ನಿಂತು ನೂಕುತ್ತಿರುತ್ತವೆ. ಆ ಗಳಿಗೆಯಲ್ಲಿ ದಿಗಂತದ ಕರಿಮೋಡವನ್ನು ಕಂಡು, "ಇವತ್ತು ಬೇಡ, ಹಿಂದಿರುಗೋಣ" ಎಂದು ಹೇಳಲು ಒಬ್ಬನಾದರೂ ಬೇಕು. ಅವನನ್ನು ಅಂಜುಬುರುಕನೆಂದು ಗೆಳೆಯರು ದಾರಿಯುದ್ದಕ್ಕೂ ಹಾಸ್ಯಮಾಡಬಹುದು. ಮಾಡಲಿ. ಹಾಸ್ಯಮಾಡಲು ಅವರೆಲ್ಲರೂ ಸಂಜೆಗೆ ಮನೆಯಲ್ಲಿರುತ್ತಾರೆ.